ಗಟ್ಟಿ ತಗಡು, ಮೆತ್ತನೆಯ ಮೂಗು

ಯಾವ ಊರಿನ ಗ್ಯಾರೇಜಿನಲ್ಲಾದರೂ ಹಳೆಯ ಕಾರಿನ ಮಾತು ತೆಗೆದು ನೋಡಿ. ಯಾರಾದರೊಬ್ಬರು ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು, 'ಆಗಿನ ಗಾಡಿ ಅಂದ್ರೆ ಗಾಡಿ, ಎಂಥಾ ಗಟ್ಟಿ ತಗಡು! ಈಗಿನವು ಬರೀ ಡಬ್ಬ' ಎನ್ನದೆ ಇರುವುದಿಲ್ಲ. ಅಂಬಾಸಡರ್ ಓಡಿಸಿದ ಹಿರಿಯರು ಹೌದೆಂದು ತಲೆಯಾಡಿಸುತ್ತಾರೆ. ಭಾರವಾದ ಕಾರು, ದಪ್ಪ ತಗಡು, ಉಕ್ಕಿನ ಬಂಪರ್ ಇದ್ದರೆ ಅಪಘಾತದಲ್ಲಿ ಜೀವ ಉಳಿಯುತ್ತದೆ ಎಂಬ ಈ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ದೊಡ್ಡ ಕಾರುಗಳ ತವರಾದ ಅಮೆರಿಕದಲ್ಲೂ ಆಳವಾಗಿ ಬೇರೂರಿದೆ.

2009ರಲ್ಲಿ ಈ ನಂಬಿಕೆ ನೇರ ಪರೀಕ್ಷೆಗೆ ಒಳಗಾಯಿತು. ಅಮೆರಿಕದ ವಿಮಾ ಕಂಪನಿಗಳ ನೆರವಿನಿಂದ ನಡೆಯುವ 'ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ' ಎಂಬ ಸಂಸ್ಥೆಗೆ ಆಗ 50 ವರ್ಷ ತುಂಬಿತ್ತು. ಅದು ಹುಟ್ಟಿದ್ದು 1959ರಲ್ಲಿ. ಹುಟ್ಟುಹಬ್ಬಕ್ಕೆ ಅದು ಆರಿಸಿಕೊಂಡ ಬಗೆ ವಿಚಿತ್ರವಾಗಿತ್ತು. 1959ರ ಷೆವರ್ಲೆ ಬೆಲ್ ಏರ್ ಕಾರೊಂದನ್ನು ಹುಡುಕಿ ತಂದು, 2009ರ ಷೆವರ್ಲೆ ಮಾಲಿಬು ಕಾರಿಗೆ ಎದುರುಬದುರಾಗಿ ಗುದ್ದಿಸಲಾಯಿತು. ಎರಡೂ ಕಾರುಗಳ ವೇಗ ಗಂಟೆಗೆ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್. ಎರಡರ ತೂಕದಲ್ಲೂ ಹೆಚ್ಚು ಅಂತರ ಇರಲಿಲ್ಲ. ಚಾಲಕರ ಜಾಗದಲ್ಲಿ ಅಳತೆಯ ಸಾಧನಗಳನ್ನು ಹೊತ್ತ ಬೊಂಬೆಗಳಿದ್ದವು.

ಫಲಿತಾಂಶ ಕಂಡು ಹಳೆಯ ಕಾರಿನ ಅಭಿಮಾನಿಗಳು ಬೆಚ್ಚಿಬಿದ್ದರು. ಬೆಲ್ ಏರ್‌ನ ಚಾಲಕನ ಕೋಣೆ ಕುಸಿದು ಒಳಕ್ಕೆ ನುಗ್ಗಿತ್ತು. ಬಾಗಿಲು ತೆರೆದುಕೊಂಡಿತ್ತು, ಮುಂದಿನ ಗಾಜು ಕಿತ್ತು ಬಂದಿತ್ತು, ಸ್ಟೀರಿಂಗ್ ಚಕ್ರ ಬೊಂಬೆಯ ಮೈಮೇಲೆ ಬಂದಿತ್ತು. ಆ ಜಾಗದಲ್ಲಿ ಮನುಷ್ಯನಿದ್ದಿದ್ದರೆ ಸ್ಥಳದಲ್ಲೇ ಸಾಯುತ್ತಿದ್ದ ಎಂದು ತಜ್ಞರು ತೀರ್ಮಾನಿಸಿದರು. ಮಾಲಿಬುವಿನ ಮೂತಿಯೂ ನಜ್ಜುಗುಜ್ಜಾಗಿತ್ತು. ಆದರೆ ಅದರ ಚಾಲಕನ ಕೋಣೆ ಇದ್ದ ಹಾಗೇ ಇತ್ತು. ಅದರಲ್ಲಿ ಕುಳಿತವನಿಗೆ ಆಗುತ್ತಿದ್ದದ್ದು ಕಾಲಿಗೆ ಸಣ್ಣ ಪೆಟ್ಟು ಮಾತ್ರ.

ನೋಡಲು ಕೋಟೆಯಂತಿದ್ದ ಕಾರು ಸೋತದ್ದೇಕೆ? ಉತ್ತರ ಹುಡುಕಲು ಅಮೆರಿಕದ ಅಂದಿನ ದೊಡ್ಡ ಕಾರನ್ನೂ ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಕಾಂಪ್ಯಾಕ್ಟ್ ಸೆಡಾನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಬೇಕು.

ಎರಡಕ್ಕೆ ಮೂರು

1959ರ ಷೆವರ್ಲೆಯ ಉದ್ದ 5.36 ಮೀಟರ್, ಅಗಲ 2 ಮೀಟರಿಗೂ ತುಸು ಹೆಚ್ಚು. ನಮ್ಮ ಸಿಟಿ ಬಸ್ಸಿನ ಅಗಲಕ್ಕಿಂತ ಸುಮಾರು ಅರ್ಧ ಮೀಟರ್ ಮಾತ್ರ ಕಡಿಮೆ. ತೂಕ 1,600 ಕಿಲೋಗೂ ಹೆಚ್ಚು. ಇದರಲ್ಲಿ ಸಾಧಾರಣ ಎನಿಸಿಕೊಂಡ ಆರು ಸಿಲಿಂಡರಿನ ಎಂಜಿನ್ನಿನ ಗಾತ್ರವೇ 3.9 ಲೀಟರ್. ಇನ್ನೂ ಬೇಕೆಂದವರಿಗೆ ಎಂಟು ಸಿಲಿಂಡರಿನ 4.6 ಮತ್ತು 5.7 ಲೀಟರಿನ ಎಂಜಿನ್‌ಗಳಿದ್ದವು. ಇದೇ ದೇಹಕ್ಕೆ ಹೆಚ್ಚಿನ ಅಲಂಕಾರ ಮಾಡಿದರೆ ಅದು ಇಂಪಾಲಾ. ಹಿಂದಿನ ತಲೆಮಾರಿನ ಸಿನಿಮಾ ಪ್ರೇಕ್ಷಕರಿಗೆ ಶ್ರೀಮಂತಿಕೆಯ ಇನ್ನೊಂದು ಹೆಸರಾಗಿದ್ದ ಕಾರು ಅದೇ.

ಅದರ ಪಕ್ಕಕ್ಕೆ 2024ರ ಮಾರುತಿ ಡಿಜೈರ್ ತಂದು ನಿಲ್ಲಿಸೋಣ. ಉದ್ದ 3.995 ಮೀಟರ್, ಅಗಲ 1.735 ಮೀಟರ್. ಸಾಮಾನ್ಯ ಪೆಟ್ರೋಲ್ ಮಾದರಿಯ ತೂಕ ಸಾವಿರ ಕಿಲೋ ಮುಟ್ಟುವುದಿಲ್ಲ. ಎಂಜಿನ್ ಮೂರು ಸಿಲಿಂಡರಿನದು, ಗಾತ್ರ 1.2 ಲೀಟರ್. ನೆಲದ ಲೆಕ್ಕ ಹಾಕಿದರೆ, ಎರಡು ಷೆವರ್ಲೆ ಆಕ್ರಮಿಸುವ ಜಾಗದಲ್ಲಿ ಮೂರು ಡಿಜೈರ್ ಹಿಡಿಸುತ್ತವೆ. ಒಂದು ಅಳತೆಯಲ್ಲಿ ಮಾತ್ರ ಚಿಕ್ಕದೇ ದೊಡ್ಡದು: ಎತ್ತರದಲ್ಲಿ ಡಿಜೈರ್ ಆ ಷೆವರ್ಲೆಗಿಂತ ಸುಮಾರು 10 ಸೆಂಟಿಮೀಟರ್ ಮೇಲಿದೆ. ಈ ಹತ್ತು ಸೆಂಟಿಮೀಟರಿನ ಮಹಿಮೆ ಏನೆಂಬುದು ಮುಂದೆ ತಿಳಿಯುತ್ತದೆ.

'ಕಾಂಪ್ಯಾಕ್ಟ್' ಎಂಬ ಪದದ ಅರ್ಥ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕನ್ನರು ಕಾಂಪ್ಯಾಕ್ಟ್ ಎಂದು ಕರೆಯುವ ಟೊಯೊಟಾ ಕೊರೊಲಾ ಬೆಂಗಳೂರಿನ ಪಕ್ಕದ ಬಿಡದಿಯಲ್ಲೇ 2003ರಿಂದ 2020ರವರೆಗೆ ತಯಾರಾಗುತ್ತಿತ್ತು. ಇಲ್ಲಿ ಅದನ್ನು ಕೊಂಡವರು ಅನುಕೂಲಸ್ಥರು. ನಾವು ದೊಡ್ಡ ಕಾರು ಎಂದು ಗೌರವ ಕೊಟ್ಟ ಅಂಬಾಸಡರ್ ಅದಕ್ಕಿಂತಲೂ ಗಿಡ್ಡ, ಸುಮಾರು 4.3 ಮೀಟರ್. ಅಮೆರಿಕದ ಸರ್ಕಾರವಂತೂ ಕಾರಿನ ದರ್ಜೆ ನಿಗದಿ ಮಾಡುವುದು ಹೊರಗಿನ ಉದ್ದದಿಂದಲ್ಲ, ಒಳಗಿನ ಜಾಗದಿಂದ. ಜನರು ಕೂರುವ ಜಾಗ ಮತ್ತು ಸಾಮಾನಿನ ಜಾಗ ಸೇರಿ 100ರಿಂದ 110 ಘನ ಅಡಿಯೊಳಗಿದ್ದರೆ ಕಾಂಪ್ಯಾಕ್ಟ್, 120 ದಾಟಿದರೆ ದೊಡ್ಡದು.

ರೆಕ್ಕೆ ಮೂಡಿದ ಕಾಲ

ಅಮೆರಿಕದ ಕಾರು ಅಷ್ಟು ದೊಡ್ಡದಾಗಿ ಬೆಳೆಯಲು ಕಾರಣಗಳಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಮಧ್ಯಮ ವರ್ಗದ ಕೈಯಲ್ಲಿ ಹಣ ಓಡಾಡತೊಡಗಿತು. ಪೆಟ್ರೋಲ್ ಬೆಲೆ 1959ರಲ್ಲಿ ಗ್ಯಾಲನ್ನಿಗೆ ಸುಮಾರು 30 ಸೆಂಟ್. 1956ರಲ್ಲಿ ಜಾರಿಗೆ ಬಂದ ಹೆದ್ದಾರಿ ಕಾಯ್ದೆ ದೇಶದ ಉದ್ದಗಲಕ್ಕೆ 41,000 ಮೈಲಿಗಳ ನೇರ ರಸ್ತೆಗಳಿಗೆ ದಾರಿ ಮಾಡಿಕೊಟ್ಟಿತ್ತು. ಮನೆಗಳು ಊರ ಹೊರಗೆ ಹರಡಿದವು, ನಿಲ್ಲಿಸುವ ಜಾಗಕ್ಕೆ ಬರವಿರಲಿಲ್ಲ.

ಇದರ ಜೊತೆಗೆ ವರ್ಷಕ್ಕೊಂದು ಹೊಸ ವೇಷ ತೊಡಿಸುವ ಮಾರಾಟದ ತಂತ್ರ ಸೇರಿತು. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಹಾರ್ಲೆ ಅರ್ಲ್ ಅವರಿಗೆ ಯುದ್ಧವಿಮಾನಗಳ ಆಕಾರದ ಮೋಹ. ಲಾಕ್‌ಹೀಡ್ ಕಂಪನಿಯ ಪಿ-38 ವಿಮಾನದ ಬಾಲವನ್ನು ನೋಡಿ 1948ರ ಕ್ಯಾಡಿಲಾಕ್ ಕಾರಿಗೆ ಸಣ್ಣ ರೆಕ್ಕೆ ಮೂಡಿಸಲಾಯಿತು. ಅಲ್ಲಿಂದ ಆ ರೆಕ್ಕೆಗಳು ವರ್ಷ ವರ್ಷ ಬೆಳೆದು 1959ರಲ್ಲಿ ತುತ್ತತುದಿ ಮುಟ್ಟಿದವು. ಅದೇ ವರ್ಷದ ಷೆವರ್ಲೆಯ ರೆಕ್ಕೆಗಳು ಮೇಲಕ್ಕೇಳದೆ ಅಡ್ಡಡ್ಡ ಹರಡಿದ್ದವು. ಅವುಗಳ ಕೆಳಗೆ ಬೆಕ್ಕಿನ ಕಣ್ಣಿನಂಥ ಕೆಂಪು ದೀಪಗಳು. ರೆಕ್ಕೆಯಿಂದ ಕಾರು ಹಾರಲಿಲ್ಲ ನಿಜ, ಆದರೆ ಮಾರಾಟವಾಯಿತು. ದೊಡ್ಡ ಕಾರಿನ ಮೋಹ ಎಷ್ಟಿತ್ತೆಂದರೆ 1965ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪಾಲಾ ಕಾರುಗಳು ಬಿಕರಿಯಾದವು.

ಈ ಬೆಡಗಿನ ಕೆಳಗೆ ಇದ್ದದ್ದೇನು? ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದ ಒಂದು ಉಕ್ಕಿನ ಚಾಸಿಸ್. ಅದರ ಮೇಲೆ ಪ್ರತ್ಯೇಕವಾಗಿ ಕೂರಿಸಿದ ದೇಹ. ಚಾಸಿಸ್ಸಿನ ಬಲವೆಲ್ಲ ನಟ್ಟನಡುವೆ. ಪ್ರಯಾಣಿಕರು ಕೂರುವ ಜಾಗದ ಎರಡೂ ಅಂಚುಗಳಲ್ಲಿ ಉದ್ದನೆಯ ತೊಲೆಗಳೇ ಇರಲಿಲ್ಲ. ಎದುರಿನಿಂದ ಬಂದ ವಾಹನ ಮೂತಿಯ ಒಂದು ಪಕ್ಕಕ್ಕೆ ಗುದ್ದಿದರೆ ಅದನ್ನು ತಡೆಯಲು ಅಲ್ಲಿ ಗಟ್ಟಿಯಾದದ್ದು ಹೆಚ್ಚೇನೂ ಇಲ್ಲ. ಗುದ್ದಿದ್ದರ ಪೆಟ್ಟು ಬಾನೆಟ್ಟಿನ ಪಕ್ಕದಿಂದ ಹಾಯ್ದು ನೇರ ಚಾಲಕನ ಕಾಲಬುಡಕ್ಕೆ ಬರುತ್ತಿತ್ತು. ಸ್ಟೀರಿಂಗ್ ಚಕ್ರವನ್ನು ಹೊತ್ತಿದ್ದ ಉಕ್ಕಿನ ಕಂಬ ಬಾಗದೆ, ಕುಗ್ಗದೆ ಈಟಿಯಂತೆ ಎದೆಗೆ ನುಗ್ಗುತ್ತಿತ್ತು. ಸೀಟ್ ಬೆಲ್ಟ್ ಬೇಕಾದವರು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು.

ಹೀಗೆ, ಹೊರಗಿನ ತಗಡು ದಪ್ಪವಿದ್ದದ್ದು ಸುಳ್ಳಲ್ಲ. ಆದರೆ ಕಾರಿನ ಬಲ ಇರುವುದು ಹೊರಗಿನ ತಗಡಿನಲ್ಲಿ ಅಲ್ಲ. ಬೆರಳಿನಿಂದ ಬಡಿದು ನೋಡುವ ಪರೀಕ್ಷೆ ದಾರಿ ತಪ್ಪಿಸುವುದು ಇಲ್ಲೇ.

ಅದೇ ವರ್ಷದ ಇನ್ನೊಂದು ಮುಖ

ರೆಕ್ಕೆಗಳು ತುತ್ತತುದಿ ಮುಟ್ಟಿದ 1959ರಲ್ಲೇ ದೊಡ್ಡ ಕಾರಿನ ಯುಗವನ್ನು ಮುಗಿಸಲಿದ್ದ ಹಲವು ಬೀಜಗಳು ಮೊಳೆತವು.

ಮೊದಲನೆಯದು ಬ್ರಿಟನ್ನಿನಲ್ಲಿ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಅಲ್ಲಿ ಪೆಟ್ರೋಲಿಗೆ ಪಡಿತರ ಬಂದಿತ್ತು. ಕಡಿಮೆ ಪೆಟ್ರೋಲಿನಲ್ಲಿ ನಾಲ್ವರನ್ನು ಕೊಂಡೊಯ್ಯುವ ಕಾರು ಬೇಕಿತ್ತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ಎಂಜಿನ್ನನ್ನು ಉದ್ದಕ್ಕೆ ಇಡುವ ಬದಲು ಅಡ್ಡಕ್ಕೆ ತಿರುಗಿಸಿ ಇಟ್ಟರು. ಅದರ ಬಲವನ್ನು ಹಿಂದಿನ ಚಕ್ರಗಳಿಗೆ ಕೊಡುವ ಬದಲು ಮುಂದಿನ ಚಕ್ರಗಳಿಗೇ ಕೊಟ್ಟರು. ಆಗಸ್ಟ್ 1959ರಲ್ಲಿ ಹೊರಬಂದ ಆ ಕಾರೇ ಮಿನಿ. ಉದ್ದ ಕೇವಲ 3.05 ಮೀಟರ್. ಅಷ್ಟರಲ್ಲೇ ನೆಲದ ಸುಮಾರು ಶೇಕಡ 80 ಭಾಗ ಜನರಿಗೆ ಮತ್ತು ಸಾಮಾನಿಗೆ ಸಿಕ್ಕಿತು.

ಎರಡನೆಯದು ಸ್ವೀಡನ್ನಿನಲ್ಲಿ. ವಿಮಾನದ ಪೈಲಟ್ಟನ್ನು ಅಪಾಯದಲ್ಲಿ ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ್ದ ನಿಲ್ಸ್ ಬೋಲಿನ್, ವೋಲ್ವೊ ಕಂಪನಿಗೆ ಬಂದು ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ, ಒಂದೇ ಕೈಯಲ್ಲಿ ತೊಡಬಹುದಾದ ಬೆಲ್ಟನ್ನು ರೂಪಿಸಿದರು. ವೋಲ್ವೊ ಆ ಪೇಟೆಂಟನ್ನು ಇತರ ತಯಾರಕರೂ ಬಳಸಲು ಮುಕ್ತವಾಗಿ ಬಿಟ್ಟಿತು. ಇಂದು ಪ್ರಪಂಚದ ಎಲ್ಲ ಕಾರುಗಳಲ್ಲೂ ಇರುವುದು ಅದೇ ಬೆಲ್ಟ್.

ಮೂರನೆಯದು ಜರ್ಮನಿಯಲ್ಲಿ. ಮರ್ಸಿಡಿಸ್ ಕಂಪನಿಯ ಬೇಲಾ ಬಾರೆನ್ಯಿ ಒಂದು ತಿರುಗುಮುರುಗಾದ ವಿಚಾರವನ್ನು 1951ರಲ್ಲೇ ಪೇಟೆಂಟಿಗಾಗಿ ಮುಂದಿಟ್ಟಿದ್ದರು. ಕಾರಿನ ಮೂತಿ ಮತ್ತು ಬಾಲ ಮೆತ್ತಗಿರಬೇಕು, ನಡುವಿನ ಕೋಣೆ ಮಾತ್ರ ಗಟ್ಟಿಯಿರಬೇಕು ಎಂಬುದು ಅದರ ಸಾರ. ಆ ತತ್ವವನ್ನು ಮೈಗೂಡಿಸಿಕೊಂಡ ಮೊದಲ ಕಾರು ಮಾರುಕಟ್ಟೆಗೆ ಬಂದದ್ದು 1959ರಲ್ಲಿ.

ಅಮೆರಿಕದಲ್ಲೂ ಗಾಳಿ ತುಸು ತಿರುಗಿತ್ತು. ಅಮೆರಿಕನ್ ಮೋಟಾರ್ಸ್‌ನ ಜಾರ್ಜ್ ರಾಮ್ನಿ 'ಕಾಂಪ್ಯಾಕ್ಟ್ ಕಾರು' ಎಂಬ ಮಾತನ್ನು ರೂಢಿಗೆ ತಂದು ಚಿಕ್ಕ ಕಾರುಗಳನ್ನು ಮಾರುತ್ತಿದ್ದರು. 1959ರ ಕೊನೆಯ ತಿಂಗಳುಗಳಲ್ಲಿ ಮೂರು ದೊಡ್ಡ ಕಂಪನಿಗಳೂ ತಮ್ಮ ತಮ್ಮ ಕಾಂಪ್ಯಾಕ್ಟ್ ಕಾರುಗಳನ್ನು ಬಿಟ್ಟವು. ಹಳೆಯ ಅಳತೆಯ ಕಾರಿಗೆ 'ಫುಲ್ ಸೈಜ್' ಎಂಬ ಹೆಸರು ಅಂಟಿದ್ದೇ ಆಮೇಲೆ. ಚಿಕ್ಕದು ಹುಟ್ಟುವವರೆಗೂ ದೊಡ್ಡದಕ್ಕೆ ಬೇರೆ ಹೆಸರಿನ ಅಗತ್ಯವೇ ಇರಲಿಲ್ಲ.

ಹೊರಗೆ ಕಿರಿದು, ಒಳಗೆ ಹಿರಿದು

ಷೆವರ್ಲೆಯ ಐದೂಕಾಲು ಮೀಟರಿನಲ್ಲಿ ಎಷ್ಟು ಭಾಗ ಜನರ ಪಾಲಿಗೆ ಬರುತ್ತಿತ್ತು? ಉದ್ದಕ್ಕೆ ಮಲಗಿದ ಎಂಜಿನ್ನಿಗೆ ಉದ್ದನೆಯ ಬಾನೆಟ್ ಬೇಕು. ಹಿಂದೆ ರೆಕ್ಕೆಗಳನ್ನು ಹೊರಲು ಉದ್ದನೆಯ ಬಾಲ ಬೇಕು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ದಂಡ ನಡುವೆ ಹಾದುಹೋಗುವುದರಿಂದ ನೆಲದ ಮಧ್ಯೆ ಒಂದು ದಿಬ್ಬ. ಬೆಂಚಿನಂಥ ಸೀಟಿನಲ್ಲಿ ಮೂವರು ಮೂವರಂತೆ ಆರು ಜನ ಆರಾಮವಾಗಿ ಕೂರಬಹುದಿತ್ತು ನಿಜ. ಆದರೆ ನಡುವೆ ಕುಳಿತವರು ಕಾಲನ್ನು ಆ ದಿಬ್ಬದ ಆಚೆ ಈಚೆ ಇಟ್ಟುಕೊಳ್ಳಬೇಕಿತ್ತು. ಚಾವಣಿ ತಗ್ಗಾಗಿದ್ದರಿಂದ ಕಾಲು ಚಾಚಿ ಒರಗಿ ಕೂರುವುದು ಅನಿವಾರ್ಯವಾಗಿತ್ತು.

ಇಂದಿನ ಕಾಂಪ್ಯಾಕ್ಟ್ ಸೆಡಾನ್ ಮಿನಿಯ ಮೊಮ್ಮಗು. ಎಂಜಿನ್ ಅಡ್ಡಕ್ಕಿದೆ, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಮಿನಿಯಲ್ಲಿ ಗೇರುಪೆಟ್ಟಿಗೆ ಎಂಜಿನ್ನಿನ ಕೆಳಗಿತ್ತು. ಅದನ್ನು ಎಂಜಿನ್ನಿನ ಪಕ್ಕಕ್ಕೆ ಸರಿಸುವ ಸುಧಾರಣೆ ಇಟಲಿಯ ಫಿಯಟ್ ಕಂಪನಿಯ ದಾಂತೆ ಜಕೋಸಾ ಅವರದು. 1964ರಲ್ಲಿ ಬಂದ ಆ ಮಾದರಿಯನ್ನೇ ಇಂದಿನ ಹೆಚ್ಚಿನ ಸಣ್ಣ ಕಾರುಗಳು ಅನುಸರಿಸುತ್ತವೆ. ಹಿಂದಕ್ಕೆ ದಂಡ ಹೋಗದ ಕಾರಣ ನೆಲದ ಮಧ್ಯದ ದಿಬ್ಬ ತಗ್ಗುತ್ತದೆ. ಚಾವಣಿ ಹತ್ತು ಸೆಂಟಿಮೀಟರ್ ಎತ್ತರವಾದ್ದರಿಂದ ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಕೂರಬಹುದು. ನೆಟ್ಟಗೆ ಕುಳಿತವನಿಗೆ ಉದ್ದದಲ್ಲಿ ಕಡಿಮೆ ಜಾಗ ಸಾಕು. ಮನೆ ಕಟ್ಟುವವರು ನಿವೇಶನ ಕಿರಿದಾದಾಗ ಮಹಡಿ ಎತ್ತುವಂತೆ, ಕಾರು ಕಟ್ಟುವವರೂ ಮೇಲಕ್ಕೆ ಜಾಗ ಹುಡುಕಿದರು. ಆದರೂ ಅಗಲದ ಕೊರತೆ ತುಂಬಿ ಬರುವುದಿಲ್ಲ. ಡಿಜೈರ್‌ನ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕುಳಿತರೆ ಭುಜಕ್ಕೆ ಭುಜ ತಾಗುತ್ತದೆ. ಆ ಸುಖದಲ್ಲಿ ಷೆವರ್ಲೆಯನ್ನು ಮೀರಿಸುವುದು ಕಷ್ಟ.

ಪೆಟ್ರೋಲಿನ ಲೆಕ್ಕ ಇನ್ನೂ ಸ್ಪಷ್ಟ. ದೊಡ್ಡ ಕಾರಿನ ಯುಗ ಮುಗಿಯುತ್ತಿದ್ದ 1975ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹೊಸ ವಾಹನಗಳ ಸರಾಸರಿ, ಗ್ಯಾಲನ್ನಿಗೆ ಸುಮಾರು 13 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಐದೂವರೆ ಕಿಲೋಮೀಟರ್. ಡಿಜೈರ್‌ನ ಗೇರು ಬದಲಿಸುವ ಪೆಟ್ರೋಲ್ ಮಾದರಿಗೆ ಪ್ರಮಾಣಪತ್ರದಲ್ಲಿ ಸಿಕ್ಕಿರುವ ಅಂಕಿ 24.79 ಕಿಲೋಮೀಟರ್. ಊರೊಳಗಿನ ಟ್ರಾಫಿಕ್ಕಿನಲ್ಲಿ ಇದು ಇಳಿಯುತ್ತದೆ ಎಂಬುದು ಓಡಿಸುವವರಿಗೆಲ್ಲ ಗೊತ್ತು. ಇಳಿದರೂ ಅಂತರ ಅಗಾಧ.

ನಜ್ಜಾಗುವುದರ ಗಣಿತ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಮನುಷ್ಯನನ್ನು ಥಟ್ಟನೆ ನಿಲ್ಲಿಸುವುದೆಂದರೆ ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದನೆಯ ಮಹಡಿಯಿಂದ ಅವನು ಬಿದ್ದಂತೆ. ಬಿದ್ದದ್ದು ಕಲ್ಲುಚಪ್ಪಡಿಯ ಮೇಲೋ ಹುಲ್ಲಿನ ಬಣವೆಯ ಮೇಲೋ ಎಂಬುದರ ಮೇಲೆ ಬದುಕು ನಿಂತಿದೆ. ಎರಡರಲ್ಲೂ ವೇಗ ಒಂದೇ. ಬಣವೆ ಒಂದಿಷ್ಟು ದೂರ ತಗ್ಗಿ ನಿಲ್ಲಿಸುತ್ತದೆ, ಚಪ್ಪಡಿ ತಗ್ಗುವುದಿಲ್ಲ.

ಇದನ್ನೇ ಅಂಕಿಯಲ್ಲಿ ಹೇಳಬಹುದು. 64 ಕಿಲೋಮೀಟರ್ ವೇಗದ ದೇಹ 10 ಸೆಂಟಿಮೀಟರ್ ದೂರದಲ್ಲಿ ನಿಂತರೆ ಅದರ ಮೇಲೆ ಬೀಳುವ ಒತ್ತಡ ಅದರ ತೂಕದ ಸುಮಾರು 160 ಪಟ್ಟು. 60 ಸೆಂಟಿಮೀಟರ್ ದೂರದಲ್ಲಿ ನಿಂತರೆ 27 ಪಟ್ಟು. ಮೊದಲನೆಯದು ಮೂಳೆಗಳನ್ನು ಪುಡಿಮಾಡುತ್ತದೆ. ಎರಡನೆಯದನ್ನು ಬೆಲ್ಟ್ ತೊಟ್ಟ ಆರೋಗ್ಯವಂತ ದೇಹ ಕ್ಷಣಕಾಲ ತಾಳಿಕೊಳ್ಳಬಲ್ಲದು. ಆ ಅರ್ಧ ಮೀಟರನ್ನು ಒದಗಿಸುವುದೇ ಇಂದಿನ ಕಾರಿನ ಮೂತಿಯ ಕೆಲಸ. ಒಳಗಿನ ತೊಲೆಗಳು ಕಾಗದದ ಮಡಿಕೆಯಂತೆ ಒಂದರ ಹಿಂದೊಂದು ಮಡಚಿಕೊಳ್ಳುವ ಹಾಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಮಡಚಿಕೊಳ್ಳುತ್ತ ಅವು ಡಿಕ್ಕಿಯ ಶಕ್ತಿಯನ್ನು ನುಂಗುತ್ತವೆ.

ಮೂತಿಯ ಹಿಂದಿನ ಕೋಣೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಬಾಗಿಲಿನ ಕಂಬಗಳು, ಚಾವಣಿಯ ಅಂಚು, ನೆಲದ ತೊಲೆಗಳು ಹೆಚ್ಚು ಬಲದ ಉಕ್ಕಿನಿಂದ ಆಗಿರುತ್ತವೆ. ಅವು ಬಾಗಬಾರದು. ಸ್ಟೀರಿಂಗಿನ ಕಂಬ ಒತ್ತಡ ಬಿದ್ದರೆ ಕುಗ್ಗುತ್ತದೆ. ಬೆಲ್ಟ್ ದೇಹವನ್ನು ಸೀಟಿಗೆ ಹಿಡಿದಿಡುತ್ತದೆ, ಗಾಳಿಚೀಲ ತಲೆಯನ್ನು ತಡೆಯುತ್ತದೆ. ಹೊರಗಿನ ತೆಳು ತಗಡು ಇವೆಲ್ಲದರ ಮೇಲೆ ಹೊದಿಸಿದ ಬಟ್ಟೆಯಷ್ಟೇ. ಸ್ಕೂಟರ್ ತಗುಲಿದರೂ ಅದು ತಗ್ಗಾಗುತ್ತದೆ, ಟಿಂಕರಿಂಗಿಗೆ ಹಣ ಹೋಗುತ್ತದೆ. ಅದರಿಂದ ಕಾರು ದುರ್ಬಲ ಎಂದು ತೀರ್ಮಾನಿಸುವುದು ಮಾತ್ರ ತಪ್ಪು.

ಹಾಗೆಂದು ಭಾರಕ್ಕೆ ಬೆಲೆಯೇ ಇಲ್ಲವೆಂದಲ್ಲ. ಒಂದೇ ಕಾಲದ ಎರಡು ಕಾರುಗಳು ಎದುರುಬದುರು ಗುದ್ದಿಕೊಂಡಾಗ ಹಗುರವಾದುದಕ್ಕೇ ಹೆಚ್ಚು ಪೆಟ್ಟು. ಲಾರಿಯ ಮುಂದೆ ಎಲ್ಲ ಕಾರೂ ಹಗುರವೇ. ಬೆಲ್ ಏರ್ ಮತ್ತು ಮಾಲಿಬು ಹೆಚ್ಚುಕಡಿಮೆ ಸಮತೂಕದವು ಆಗಿದ್ದುದರಿಂದಲೇ ಆ ಪರೀಕ್ಷೆಯಲ್ಲಿ ವಿನ್ಯಾಸದ ಪಾತ್ರ ಅಷ್ಟು ಸ್ಪಷ್ಟವಾಗಿ ಕಂಡಿತು. ಮರಕ್ಕೋ ಸೇತುವೆಯ ಕಟ್ಟೆಗೋ ಗುದ್ದಿದಾಗಲಂತೂ ಕಾರಿನ ಭಾರ ಅದರೊಳಗಿನವರನ್ನು ಕಾಪಾಡುವುದಿಲ್ಲ. ಅಲ್ಲಿ ನೆರವಿಗೆ ಬರುವುದು ವಿನ್ಯಾಸ ಮತ್ತು ಬೆಲ್ಟ್.

ಕಂಪನಿ ತಾನಾಗಿ ಕೊಡಲಿಲ್ಲ

ಬೆಲ್ಟೂ ಮೆತ್ತನೆಯ ಮೂತಿಯೂ 1959ರಲ್ಲೇ ಇದ್ದವು ಎಂದಮೇಲೆ ಎಲ್ಲ ಕಾರುಗಳಿಗೂ ಬರಲು ಅಷ್ಟು ವರ್ಷ ಏಕೆ ಹಿಡಿಯಿತು? ಸುರಕ್ಷತೆ ಮಾರಾಟವಾಗುವುದಿಲ್ಲ, ರೆಕ್ಕೆ ಮಾರಾಟವಾಗುತ್ತದೆ ಎಂಬ ನಂಬಿಕೆ ತಯಾರಕರಲ್ಲಿತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕ ಬರೆದು ಈ ಧೋರಣೆಯನ್ನು ಬಯಲಿಗೆಳೆದರು. ಮರುವರ್ಷ, 1966ರಲ್ಲಿ ವಾಹನ ಸುರಕ್ಷತೆಯ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. 1968ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಯಿತು.

ಗಾತ್ರ ಇಳಿಸಿದ್ದು ಎಣ್ಣೆಯ ಬಿಕ್ಕಟ್ಟು. ಅಕ್ಟೋಬರ್ 1973ರಲ್ಲಿ ಅರಬ್ ದೇಶಗಳು ತೈಲ ಸರಬರಾಜು ತಡೆದಾಗ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. 1975ರ ಕಾನೂನು, 1985ರ ವೇಳೆಗೆ ಕಾರುಗಳ ಸರಾಸರಿ ಗ್ಯಾಲನ್ನಿಗೆ 27.5 ಮೈಲಿ ಮುಟ್ಟಬೇಕೆಂದು ವಿಧಿಸಿತು. ಜಪಾನಿನ ಚಿಕ್ಕ ಕಾರುಗಳಿಗೆ ಬಾಗಿಲು ತೆರೆಯಿತು. ಜನರಲ್ ಮೋಟಾರ್ಸ್ ಕೂಡ 1977ರಲ್ಲಿ ತನ್ನ ದೊಡ್ಡ ಷೆವರ್ಲೆಯನ್ನು ಹತ್ತು ಅಂಗುಲಕ್ಕೂ ಹೆಚ್ಚು ಕತ್ತರಿಸಿತು.

ಈ ಕ್ರಮಗಳ ಫಲವನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಲೆಕ್ಕ ಹಾಕಿದೆ. 1960ರಿಂದ 2012ರವರೆಗೆ ವಾಹನಗಳಲ್ಲಿ ಬಂದ ಸುರಕ್ಷತಾ ಸಾಧನಗಳು ಆ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀವ ಉಳಿಸಿವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಟ್ ಬೆಲ್ಟಿನದು.

ನಾಲ್ಕು ಮೀಟರಿನ ಗೆರೆ

ಭಾರತದ ಕಥೆ ಬೇರೆ ದಾರಿ ಹಿಡಿಯಿತು. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈಯಲ್ಲಿ ಕಾರು ಜೋಡಿಸತೊಡಗಿತ್ತು. 1950ರ ದಶಕದ ಮಧ್ಯಭಾಗದಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಇಲ್ಲಿ ಉಳಿದದ್ದು ಅಂಬಾಸಡರ್, ಫಿಯಟ್‌ಗಳ ಕಾಲ. ಅಮೆರಿಕದ ದೊಡ್ಡ ಕಾರು ಕೆಲವರ ಬಂಗಲೆಯ ಷೆಡ್ಡಿನಲ್ಲಿ ಮತ್ತು ಹಲವರ ಕನಸಿನಲ್ಲಿ ಉಳಿಯಿತು.

ನಮ್ಮ ಕಾಂಪ್ಯಾಕ್ಟ್ ಸೆಡಾನ್ ಹುಟ್ಟಿದ್ದು ತೆರಿಗೆಯ ಲೆಕ್ಕದಿಂದ. 2006ರ ಕೇಂದ್ರ ಬಜೆಟ್, ನಾಲ್ಕು ಮೀಟರ್ ಮೀರದ, ಪೆಟ್ರೋಲಿನಲ್ಲಿ 1200 ಸಿಸಿ ಮತ್ತು ಡೀಸೆಲಿನಲ್ಲಿ 1500 ಸಿಸಿ ದಾಟದ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 16ಕ್ಕೆ ಇಳಿಸಿತು. 2008ರಲ್ಲಿ ಟಾಟಾ ಕಂಪನಿ ತನ್ನ ಇಂಡಿಗೊ ಕಾರಿನ ಹಿಂಭಾಗ ಮೊಟಕುಮಾಡಿ 'ಇಂಡಿಗೊ ಸಿಎಸ್' ಎಂದು ಬಿಟ್ಟಿತು. ಅದೇ ವರ್ಷ 4.16 ಮೀಟರ್ ಇದ್ದ ಡಿಜೈರ್, 2012ರಲ್ಲಿ 3.995 ಮೀಟರಿಗೆ ಇಳಿಯಿತು. ಕೆಲವು ಕಾರುಗಳ ಬೆನ್ನು ಏಕೆ ಕತ್ತರಿಸಿದಂತೆ ಕಾಣುತ್ತದೆ ಎಂಬುದಕ್ಕೆ ಕಾರಣ ಈ ಗೆರೆ. ಸೆಪ್ಟೆಂಬರ್ 2025ರಲ್ಲಿ ಜಿಎಸ್‌ಟಿ ದರ ಬದಲಾದಾಗಲೂ ಇದೇ ಗೆರೆ ಉಳಿಯಿತು: ಈಚೆಗಿದ್ದರೆ ಶೇಕಡ 18, ಆಚೆಗಿದ್ದರೆ 40.

ಆದರೆ ಉದ್ದ ಅಳೆದಷ್ಟು ಚುರುಕಾಗಿ ಸುರಕ್ಷತೆಯನ್ನು ಅಳೆಯಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿತು. ಐದಕ್ಕೂ ದೊರೆತದ್ದು ಸೊನ್ನೆ ತಾರೆ. ಅವು ಹಳೆಯ ಕಾರುಗಳಲ್ಲ, ಷೋರೂಮಿನಲ್ಲಿ ಆಗ ತಾನೇ ಮಾರಾಟವಾಗುತ್ತಿದ್ದವು. 2016ರಲ್ಲಿ ಅದೇ ಸಂಸ್ಥೆ ಇನ್ನೊಂದು ಪರೀಕ್ಷೆ ನಡೆಸಿತು. ಮೆಕ್ಸಿಕೊದಲ್ಲಿ ಮಾರುತ್ತಿದ್ದ ನಿಸ್ಸಾನ್ ತ್ಸುರು ಎಂಬ ಹೊಸ ಕಾರು, ಅದೇ ಕಂಪನಿ ಅಮೆರಿಕದಲ್ಲಿ ಮಾರುತ್ತಿದ್ದ ವರ್ಸಾ ಎಂಬ ಹೊಸ ಕಾರು, ಎರಡನ್ನೂ ಎದುರುಬದುರು ಗುದ್ದಿಸಲಾಯಿತು. ತ್ಸುರುವಿನ ಚಾಲಕನ ಕೋಣೆ ಬೆಲ್ ಏರ್‌ನಂತೆಯೇ ಕುಸಿಯಿತು. ಕಾರಿನ ನೋಂದಣಿ ಪತ್ರದಲ್ಲಿರುವ ವರ್ಷಕ್ಕಿಂತ, ಅದನ್ನು ಮಾರುವ ದೇಶದ ಕಾನೂನು ಮುಖ್ಯ ಎಂಬುದು ಅಂದು ಬಯಲಾಯಿತು.

ನಮ್ಮಲ್ಲೂ ಕಾನೂನು ನಿಧಾನವಾಗಿ ಬಂದಿತು. ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಅಕ್ಟೋಬರ್ 2017ರಿಂದ, ಚಾಲಕನಿಗೆ ಗಾಳಿಚೀಲ ಜುಲೈ 2019ರಿಂದ ಕಡ್ಡಾಯವಾದವು. 2023ರಲ್ಲಿ ಸರ್ಕಾರದ್ದೇ ಭಾರತ್ ಎನ್‌ಕ್ಯಾಪ್ ಆರಂಭವಾಯಿತು. 2024ರಲ್ಲಿ ಹೊಸ ಡಿಜೈರ್, ಗ್ಲೋಬಲ್ ಎನ್‌ಕ್ಯಾಪ್‌ನ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ತಾರೆ, ಮಕ್ಕಳ ರಕ್ಷಣೆಗೆ ನಾಲ್ಕು ತಾರೆ ಪಡೆಯಿತು. ಎದುರಿನ ಡಿಕ್ಕಿಗೆ ಬಳಸಿದ ವೇಗ ಅದೇ 64 ಕಿಲೋಮೀಟರ್.

ಕಳೆದದ್ದೂ ಇದೆ

ಎಲ್ಲವೂ ಲಾಭದ ಬಾಬ್ತಿನಲ್ಲೇ ಬಿದ್ದಿಲ್ಲ. ಹಳೆಯ ಷೆವರ್ಲೆಯ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈ ಹಾಕಲು ಬೇಕಾದಷ್ಟು ಜಾಗ. ಒಂದು ಸ್ಪ್ಯಾನರ್ ಸೆಟ್ಟು, ಒಬ್ಬ ಕಸುಬುದಾರ ಮೆಕ್ಯಾನಿಕ್ ಇದ್ದರೆ ಮರದ ನೆರಳಿನಲ್ಲೇ ದುರಸ್ತಿ ಮುಗಿಯುತ್ತಿತ್ತು. ಇಂದಿನ ಕಾರಿನಲ್ಲಿ ರೋಗ ಪತ್ತೆಗೇ ಕಂಪ್ಯೂಟರ್ ಬೇಕು. ಮೂತಿ ನಜ್ಜಾಗಿ ಜೀವ ಉಳಿಸಿದ ಕಾರು ಹಲವು ಸಲ ದುರಸ್ತಿಗೆ ಬಾರದೆ ಗುಜರಿ ಸೇರುತ್ತದೆ. ಸುತ್ತ ಗಾಜೇ ಇದ್ದ ಹಳೆಯ ಕಾರಿನಿಂದ ಹೊರಗಿನ ನೋಟವೂ ಹೆಚ್ಚು ಕಾಣುತ್ತಿತ್ತು. ದಪ್ಪ ಕಂಬಗಳ ಈಗಿನ ಕಾರಿನಲ್ಲಿ ತಿರುವಿನಲ್ಲಿ ಬರುವ ಬೈಕು ಒಮ್ಮೊಮ್ಮೆ ಮರೆಯಾಗುತ್ತದೆ. ಕಾರನ್ನು ನಿಲ್ಲಿಸಿ ನಾಲ್ಕು ಜನ ತಿರುಗಿ ನೋಡುವ ಚೆಲುವಿನ ವಿಷಯದಲ್ಲಂತೂ ಇಂದಿನ ಸೆಡಾನ್ ಪೈಪೋಟಿಗೇ ಇಳಿಯುವಂತಿಲ್ಲ.

ಹಳೆಯ ಕಾರನ್ನು ಪ್ರೀತಿಸಲು ಇವು ಒಳ್ಳೆಯ ಕಾರಣಗಳೇ. ಅದು ಹೆಚ್ಚು ಸುರಕ್ಷಿತ ಎಂಬುದೊಂದು ಮಾತ್ರ ಕಾರಣವಾಗಲಾರದು.

ಈ ತಿಳಿವಳಿಕೆ ನಮ್ಮ ದಿನನಿತ್ಯದ ಓಡಾಟಕ್ಕೂ ಸಂಬಂಧಪಟ್ಟದ್ದು. ಐದು ತಾರೆಯ ಲೆಕ್ಕವೆಲ್ಲ ಒಳಗಿನವರು ಬೆಲ್ಟ್ ತೊಟ್ಟಿದ್ದಾರೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಬೆಲ್ಟ್ ಇಲ್ಲದವನ ಪಾಲಿಗೆ ಮಡಚಿಕೊಳ್ಳುವ ಮೂತಿಯಿಂದ ಹೆಚ್ಚಿನ ಉಪಯೋಗವಿಲ್ಲ. ಕಾರು ನಿಧಾನವಾಗಿ ನಿಂತರೂ ಅವನು ನಿಲ್ಲುವುದಿಲ್ಲ, ಡ್ಯಾಶ್‌ಬೋರ್ಡ್ ತಾಗುವವರೆಗೆ ಅದೇ ವೇಗದಲ್ಲಿ ಹಾರುತ್ತಾನೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸೀಟ್ ಬೆಲ್ಟ್ ಇಲ್ಲದೆ ಸತ್ತವರು 16,715 ಮಂದಿ. ಅವರಲ್ಲಿ 8,384 ಮಂದಿ ಚಾಲಕರು, ಉಳಿದ 8,331 ಮಂದಿ ಪ್ರಯಾಣಿಕರು.

ಆದರೂ ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆಯ ಸದ್ದು ಅಡಗಿಸಲು ಬೆಲ್ಟಿನ ಜಾಗಕ್ಕೆ ಸಿಕ್ಕಿಸುವ ಪುಟ್ಟ ಕ್ಲಿಪ್ಪುಗಳು ಬಿಕರಿಯಾಗುತ್ತಿದ್ದವು. ಅವನ್ನು ಮಾರಾಟದಿಂದ ತೆಗೆದುಹಾಕುವಂತೆ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ 2023ರಲ್ಲಿ ಆದೇಶಿಸಬೇಕಾಯಿತು. 2024ರ ಕಾರಿನಲ್ಲಿ ಕುಳಿತು ಆ ಕ್ಲಿಪ್ ಸಿಕ್ಕಿಸಿಕೊಂಡವನು 1959ರ ಬೆಲ್ ಏರ್‌ನ ಚಾಲಕನಷ್ಟೇ ನಿರಾಶ್ರಿತ. ಬೆಲ್ಟ್ ಹಾಕಿಕೊಳ್ಳಲು ಎರಡು ಸೆಕೆಂಡು ಸಾಕು, ಹಿಂದಿನ ಸೀಟಿನಲ್ಲಿ ಕುಳಿತವರಿಗೂ ಅಷ್ಟೇ ಸಾಕು.